ಬಾರ್‌ಗೆ ಒಯ್ಯಲೊಂದು ಸ್ವಂತ ಕ್ಯೂ: ಸಾದಾ ಸ್ನೀಕಿ ಪೀಟ್‌ನ ವಿಮರ್ಶೆ

ಸ್ನೀಕಿ ಪೀಟ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಪೂಲ್ ಕ್ಯೂಗಳ, ಅಂದರೆ ಮೇಜಿನ ಮೇಲೆ ಚೆಂಡು ಹೊಡೆದು ಆಡುವ ಪೂಲ್ ಆಟದ ಕೋಲುಗಳ, ವಿಶೇಷವೆಂದರೆ, ನೋಡುವವರ ಕಣ್ಣಿಗೆ ಅವುಗಳಲ್ಲಿ ಯಾವ ವಿಶೇಷವೂ ಕಾಣಿಸದಿರುವುದು. ಬಾರ್‌ನ ಗೋಡೆಗೆ ಹೊಂದಿಸಿದ ಸ್ಟ್ಯಾಂಡಿನಲ್ಲಿರುವ ಕೋಲುಗಳ ರೂಪವೇ ಇವುಗಳದ್ದೂ ಆಗಿರುತ್ತದೆ. ತಿಳಿ ಬಣ್ಣದ ಮೇಪಲ್ ಮರದ ಮುಂಭಾಗ, ಅದರೊಳಕ್ಕೆ ನಾಲ್ಕು ಚೂಪಾದ ಮೊನೆಗಳಾಗಿ ಏರಿರುವ ಕಡು ಬಣ್ಣದ ಹಿಡಿ, ಹಿಡಿಗೆ ದಾರವಾಗಲಿ ಚರ್ಮವಾಗಲಿ ಸುತ್ತಿರುವುದಿಲ್ಲ. ನಡುವೆ ತಿರುಗಿಸಿ ಬಿಚ್ಚಿದರೆ ಎರಡು ತುಂಡಾಗುತ್ತದೆ ಎಂಬುದು ಹತ್ತಿರದಿಂದ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಬಾರ್‌ಗಳಲ್ಲಿ ಆಡುವುದಕ್ಕೆಂದೇ ನಾನು ಬಳಸುತ್ತಿರುವುದು ಇಂಥದೊಂದು ಸಾಮಾನ್ಯ ದರ್ಜೆಯ ಕ್ಯೂ. 58 ಇಂಚು ಉದ್ದ, 19 ಔನ್ಸ್ ಅಂದರೆ ಸುಮಾರು 540 ಗ್ರಾಂ ತೂಕ, 13 ಮಿಲಿಮೀಟರ್ ಟಿಪ್ (ಚೆಂಡಿಗೆ ತಾಗುವ ಚರ್ಮದ ತುದಿ), ಲೋಹದ ಉಂಗುರವಿಲ್ಲದೆ ಮರಕ್ಕೆ ಮರವೇ ತಾಗಿ ಕೂರುವ ಜಾಯಿಂಟ್. ಈ ಬಗೆಯ ಕ್ಯೂಗಳನ್ನು ಅನೇಕ ಕಂಪನಿಗಳು ತಯಾರಿಸುತ್ತವೆ ಮತ್ತು ಅವುಗಳ ನಡುವಿನ ವ್ಯತ್ಯಾಸ ದೊಡ್ಡದಲ್ಲ. ಆದ್ದರಿಂದ ಇಲ್ಲಿ ನಾನು ತೂಗಿ ನೋಡುತ್ತಿರುವುದು ಕಂಪನಿಯನ್ನಲ್ಲ, ಮಾದರಿಯನ್ನು.

ಬಾರ್‌ನ ಕೋಲಿನಿಂದಲೇ ಆಡಬಹುದಲ್ಲ ಎಂಬ ಪ್ರಶ್ನೆ ಸಹಜ. ಅದಕ್ಕೆ ಉತ್ತರ ಬೇಕಿದ್ದರೆ ಆ ಕೋಲುಗಳ ತುದಿಯನ್ನು ನೋಡಬೇಕು. ದಿನವಿಡೀ ಹತ್ತಾರು ಕೈಗಳಲ್ಲಿ ಓಡಾಡುವ ಕೋಲಿನ ಚರ್ಮದ ಟಿಪ್ ಏಟು ತಿಂದು ಚಪ್ಪಟೆಯಾಗಿ, ಅಂಚು ಫೆರೂಲ್‌ನ (ಟಿಪ್ ಕೂರುವ ಬಳೆಯ) ಆಚೆಗೆ ಅಣಬೆಯ ತಲೆಯಂತೆ ಚಾಚಿಕೊಂಡಿರುತ್ತದೆ. ಮೇಲ್ಮೈ ಹೊಳಪುಗಟ್ಟಿ ಗಾಜಿನಂತಾಗಿರುವುದರಿಂದ ಚೆಂಡಿನ ಮೇಲೆ ಜಾರದಂತೆ ಹಚ್ಚುವ ಚಾಕ್ ಅನ್ನು ಎಷ್ಟು ತಿಕ್ಕಿದರೂ ಅಂಟುವುದಿಲ್ಲ. ಕೆಲವು ಕಡೆ ಅಂಟಿಸುವ ಟಿಪ್‌ನ ಬದಲಿಗೆ ತಿರುಪಿನ ಟಿಪ್ ಹಾಕಿರುತ್ತಾರೆ, ಅದು ಸಡಿಲವಾಗಿ ಪ್ರತಿ ಹೊಡೆತಕ್ಕೂ ಕಟಕಟ ಎನ್ನುತ್ತಿರುತ್ತದೆ. ಕೋಲು ನೆಟ್ಟಗಿದೆಯೇ ಎಂದು ಮೇಜಿನ ಮೇಲೆ ಉರುಳಿಸಿ ನೋಡುವುದು ಎಲ್ಲರ ಅಭ್ಯಾಸ. ಆದರೆ ಅಲ್ಪಸ್ವಲ್ಪ ಬಾಗಿದ ಕೋಲಿನಿಂದ ಆಡಬಹುದು, ಕೆಟ್ಟ ಟಿಪ್ ಇರುವ ನೆಟ್ಟನೆಯ ಕೋಲಿನಿಂದ ಆಡಲಾಗುವುದಿಲ್ಲ. ಜನ ಉರುಳಿಸಿ ನೋಡಿದಷ್ಟು ಶ್ರದ್ಧೆಯಿಂದ ಟಿಪ್ ಅನ್ನು ಬೆರಳಿನಿಂದ ಮುಟ್ಟಿ ನೋಡುವುದಿಲ್ಲ ಎಂಬುದು ನನಗೆ ಸದಾ ಸೋಜಿಗ.

ಟಿಪ್ ಚೆಂಡಿಗೆ ತಾಗಿಕೊಂಡಿರುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಆಟಗಾರನ ಉದ್ದೇಶವೆಲ್ಲ ಚೆಂಡಿಗೆ ದಾಟಬೇಕಾದುದು ಅಷ್ಟರೊಳಗೆ. ಟಿಪ್ ಚೆನ್ನಾಗಿದ್ದರೆ ಚೆಂಡಿನ ನಡುವಿನಿಂದ ಅದರ ತ್ರಿಜ್ಯದ ಹೆಚ್ಚುಕಡಿಮೆ ಅರ್ಧದಷ್ಟು ದೂರದವರೆಗೆ ಜಾರದೆ ಹೊಡೆಯಬಹುದು. ಅದಕ್ಕಿಂತ ಆಚೆ ಹೋದರೆ ಯಾರ ಕ್ಯೂ ಆದರೂ ಜಾರಿ, ಕ್ಯೂನಿಂದ ಹೊಡೆಯುವ ಬಿಳಿ ಚೆಂಡು ಮನಬಂದ ಕಡೆಗೆ ಹೋಗುತ್ತದೆ. ಚಪ್ಪಟೆಯಾದ, ಹೊಳಪುಗಟ್ಟಿದ ಟಿಪ್‌ನಲ್ಲಿ ಈ ಮಿತಿ ಎಲ್ಲಿದೆ ಎಂದು ಹೇಳುವುದೇ ಕಷ್ಟವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಫ್ರಾಂಸ್ವಾ ಮಿಂಗೋ ಚರ್ಮದ ಟಿಪ್ ಅನ್ನು ಬಳಕೆಗೆ ತಂದ ಮೇಲೆಯೇ ಸ್ಪಿನ್, ಅಂದರೆ ಚೆಂಡಿಗೆ ಕೊಡುವ ಸುತ್ತು, ಈ ಆಟದಲ್ಲಿ ನೆಚ್ಚಬಹುದಾದ ಅಸ್ತ್ರವಾಯಿತು. ಬಾರ್‌ನ ಕೋಲನ್ನು ಹಿಡಿದವನು ಎಷ್ಟೋ ಸಲ ಮಿಂಗೋಗಿಂತ ಹಿಂದಿನ ಕಾಲಕ್ಕೆ ಮರಳಿರುತ್ತಾನೆ. ಸ್ವಂತ ಕ್ಯೂ ತಂದುಕೊಡುವ ನಿಜವಾದ ಲಾಭ ಇಷ್ಟೇ: ಅದರ ಟಿಪ್ ಹೇಗಿದೆ, ಎಲ್ಲಿಯವರೆಗೆ ಕೈಕೊಡುವುದಿಲ್ಲ ಎಂಬುದು ಆಡುವವನಿಗೆ ಮೊದಲೇ ಗೊತ್ತಿರುತ್ತದೆ. ಮಿಕ್ಕ ಲಾಭಗಳೆಲ್ಲ ಇದರ ಮುಂದೆ ಸಣ್ಣವು.

ಹಾಗೆಂದ ಮಾತ್ರಕ್ಕೆ ಹೊಸ ಕ್ಯೂನ ಟಿಪ್ ಕೈಗೆ ಬಂದಾಗಲೇ ಸಿದ್ಧವಾಗಿರುತ್ತದೆಂದು ಭಾವಿಸಬಾರದು. ನನ್ನದರಲ್ಲಿದ್ದದ್ದು ಒಂದೇ ಪದರದ, ಮಧ್ಯಮ ಗಡಸಿನ ಒತ್ತಿದ ಚರ್ಮದ ಟಿಪ್. ಕಾರ್ಖಾನೆಯಿಂದ ಬರುವಾಗ ಅದರ ಮೇಲ್ಮೈ ಬಹುತೇಕ ಚಪ್ಪಟೆಯಾಗಿತ್ತು. ಶೇಪರ್‌ನಿಂದ ಉಜ್ಜಿ ಗುಮ್ಮಟದ ಆಕಾರಕ್ಕೆ ತಂದು, ಮೇಲ್ಮೈಯನ್ನು ಸ್ವಲ್ಪ ಒರಟು ಮಾಡಿದ ಮೇಲೆ ಚಾಕ್ ಸರಿಯಾಗಿ ಹಿಡಿಯತೊಡಗಿತು. ಎಲ್ಕ್ ಮಾಸ್ಟರ್‌ನಂಥ ಮೃದುವಾದ ಟಿಪ್ ಚಾಕ್ ಅನ್ನು ಇನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಆದರೆ ಬೇಗ ಹರಡಿಕೊಳ್ಳುತ್ತದೆ. ಕಮುಯಿಯಂಥ ಹಲವು ಪದರಗಳ ಹಂದಿಚರ್ಮದ ಟಿಪ್ ಆಕಾರವನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ, ಬೆಲೆ ಮಾತ್ರ ಹಲವು ಪಟ್ಟು ಹೆಚ್ಚು. ಬಾರ್‌ನ ಬಳಕೆಗೆ ಒತ್ತಿದ ಮಧ್ಯಮ ಟಿಪ್ ಸಾಕೆಂಬುದು ನನ್ನ ಅಭಿಪ್ರಾಯ. ಕಳಚಿ ಬಿದ್ದರೂ ಮನಸ್ಸಿಗೆ ನೋವಾಗದು, ಹೊಸದನ್ನು ಅಂಟಿಸುವುದೂ ಕಷ್ಟವಲ್ಲ.

ಚಾಕ್‌ನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಿಲಿಕಾ ಮತ್ತು ಅಲ್ಯೂಮಿನಿಯಂ ಆಕ್ಸೈಡ್‌ನಂಥ ಒರಟು ಪುಡಿಗಳಿಂದ ಮಾಡುವ ಈಗಿನ ಚಾಕ್‌ಗೆ ವಿಲಿಯಂ ಸ್ಪಿಂಕ್ಸ್ ಮತ್ತು ವಿಲಿಯಂ ಹಾಸ್ಕಿನ್ಸ್ ಎಂಬಿಬ್ಬರು 1897ರಲ್ಲಿ ಪೇಟೆಂಟ್ ಪಡೆದರು. ಬಾರ್‌ನ ಮೇಜಿನಂಚಿನಲ್ಲಿ ಸಿಗುವ ಚೌಕಗಳು ಸಾಮಾನ್ಯವಾಗಿ ನಡುವೆ ಆಳವಾದ ಗುಳಿ ಬಿದ್ದು, ಎಂದೋ ಚೆಲ್ಲಿದ ಪಾನೀಯದಲ್ಲಿ ನೆನೆದು ಒಣಗಿದವು. ಗುಳಿಯೊಳಗೆ ಟಿಪ್ ಇಟ್ಟು ತಿರುಗಿಸಿದರೆ ಬಣ್ಣ ಹತ್ತುವುದು ಫೆರೂಲ್‌ಗೆ, ಟಿಪ್‌ನ ನಡುಭಾಗ ಬೋಳಾಗಿಯೇ ಉಳಿಯುತ್ತದೆ. ಸ್ವಂತ ಕ್ಯೂ ತಂದು ಬಾರ್‌ನ ಚಾಕ್ ಬಳಸುವುದು ಅರ್ಧ ಕೆಲಸ ಮಾಡಿದಂತೆ. ಜೇಬಿನಲ್ಲಿ ಸ್ವಂತದ್ದೊಂದು ಚೌಕ ಇರಲಿ.

ಇನ್ನು ಜಾಯಿಂಟ್. ಇಂಥ ಸಾದಾ ಕ್ಯೂಗಳ ಗುಣಮಟ್ಟ ಬಯಲಾಗುವುದು ಇಲ್ಲಿ. ಎರಡು ತುಂಡುಗಳನ್ನು ಜೋಡಿಸಿ, ಸೇರಿದ ಜಾಗದ ಮೇಲೆ ಉಗುರನ್ನು ಅಡ್ಡವಾಗಿ ಎಳೆದು ನೋಡಿದರೆ, ಒಳ್ಳೆಯ ಕೆಲಸವಾಗಿದ್ದಲ್ಲಿ ಉಗುರು ಎಲ್ಲಿಯೂ ತಡೆಯುವುದಿಲ್ಲ. ನನ್ನ ಕ್ಯೂನಲ್ಲಿ ಸುತ್ತಳತೆಯ ಒಂದು ಬದಿ ನುಣುಪಾಗಿದ್ದು, ಇನ್ನೊಂದು ಬದಿಯಲ್ಲಿ ಶಾಫ್ಟ್‌ನ, ಅಂದರೆ ಟಿಪ್ ಇರುವ ಮುಂದಿನ ತುಂಡಿನ, ಅಂಚು ಕೂದಲೆಳೆಯಷ್ಟು ಹೊರಗೆ ನಿಂತಿದೆ. ಆಟಕ್ಕೆ ಇದರಿಂದ ತೊಂದರೆಯಿಲ್ಲ, ಆದರೆ ಹೆಚ್ಚು ಬೆಲೆಯ ಕ್ಯೂನಲ್ಲಿ ಇದನ್ನು ಸಹಿಸಬೇಕಾಗಿಲ್ಲ. ಪಿನ್ ಉಕ್ಕಿನದು, ಸಾಮಾನ್ಯವಾಗಿ ಸಿಗುವ ಇಂಚಿಗೆ 18 ಎಳೆಗಳ ತಿರುಪು. ಸೇರಿಸಲು ಹಲವು ಸುತ್ತು ತಿರುಗಿಸಬೇಕಾಗುತ್ತದೆ, ಹೊಸ ಬಗೆಯ ಕ್ಷಿಪ್ರ ಜೋಡಣೆಗಳಂತೆ ಒಂದೆರಡು ಸುತ್ತಿಗೆ ಕೂರುವುದಿಲ್ಲ. ಅನುಕೂಲವೇನೆಂದರೆ, ಈ ತಿರುಪಿನ ಅಳತೆ ವ್ಯಾಪಕ ಬಳಕೆಯಲ್ಲಿರುವುದರಿಂದ ಮುಂದೆ ಬೇರೊಂದು ಶಾಫ್ಟ್ ಹುಡುಕುವುದು ಸುಲಭ. ಮರಕ್ಕೆ ಮರ ತಾಗುವ ಜಾಯಿಂಟ್ ಸ್ವಲ್ಪ ಸಡಿಲವಾದರೂ ಹೊಡೆತದ ಸದ್ದು ಬದಲಾಗಿ, ಕೈಗೆ ಸಣ್ಣ ಕಂಪನ ತಲುಪುತ್ತದೆ. ಆಟದ ನಡುವೆ ಒಮ್ಮೊಮ್ಮೆ ಬಿಗಿ ಮಾಡಿಕೊಳ್ಳುವುದನ್ನು ರೂಢಿಸಿಕೊಳ್ಳಬೇಕು.

ಈ ರೂಪಕ್ಕೆ ಒಳ್ಳೆಯ ಪರಂಪರೆಯೇ ಇದೆ. ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಎಂಬ ಒಂದೇ ತುಂಡಿನ ಕೋಲುಗಳನ್ನು ಕೊಯ್ದು, ಜಾಯಿಂಟ್ ಕೂರಿಸಿ ಎರಡು ತುಂಡಿನ ಕ್ಯೂಗಳನ್ನಾಗಿ ಮಾಡುತ್ತಿದ್ದವರಲ್ಲಿ ಜಾರ್ಜ್ ಬಾಲಬುಷ್ಕಾ ಅವರಂಥ ಹೆಸರಾಂತ ಕುಶಲಕರ್ಮಿಗಳೂ ಇದ್ದರು. ಎರಡು ಮರಗಳನ್ನು ಉದ್ದನೆಯ ಮೊನೆಗಳಲ್ಲಿ ಒಂದರೊಳಗೊಂದು ಸಿಕ್ಕಿಸಿ ಅಂಟಿಸುವ ಆ ವಿಧಾನದಲ್ಲಿ ಹಿಡಿ ಮತ್ತು ಮುಂಭಾಗದ ನಡುವೆ ಬೇರೆ ತಿರುಪು ಬೇಕಾಗುವುದಿಲ್ಲ. ಅಗ್ಗದ ಕ್ಯೂಗಳಲ್ಲಿ ಈ ಮೊನೆಗಳು ಬರೀ ಅಂಟಿಸಿದ ಚಿತ್ರವಾಗಿರುವುದೂ ಉಂಟು. ಬೆಳಕಿಗೆ ಹಿಡಿದು ಮರದ ನಾರು ಮೊನೆಯ ಅಂಚಿನಲ್ಲಿ ನಿಜವಾಗಿಯೂ ಕಡಿದಿದೆಯೇ ಎಂದು ಪರೀಕ್ಷಿಸಿ ಕೊಳ್ಳಬೇಕು.

ಸ್ವಂತ ಕ್ಯೂ ಸರಿಪಡಿಸಲಾಗದ ಸಂಗತಿಯೆಂದರೆ ಬಾರ್‌ನ ಮೇಜು. ಸ್ಪರ್ಧೆಗಳ 9 ಅಡಿ ಮೇಜಿನ ಆಟದ ಅಂಗಳ 100 ಇಂಚು ಉದ್ದ, 50 ಇಂಚು ಅಗಲ ಇದ್ದರೆ, ನಾಣ್ಯ ಹಾಕಿ ಆಡುವ ಬಾರ್ ಮೇಜು ಸಾಮಾನ್ಯವಾಗಿ 7 ಅಡಿಯದು. ಅದಕ್ಕಿಂತ ಮುಖ್ಯವಾದದ್ದು ಬಿಳಿ ಚೆಂಡು. ಪಾಕೆಟ್‌ಗೆ ಬಿದ್ದ ಬಣ್ಣದ ಚೆಂಡುಗಳನ್ನು ಒಳಗೆ ಉಳಿಸಿಕೊಂಡು ಬಿಳಿಯದನ್ನು ಮಾತ್ರ ಹೊರಗೆ ಕಳಿಸಬೇಕಾದ್ದರಿಂದ, ಹಳೆಯ ಯಂತ್ರಗಳಲ್ಲಿ ಬಿಳಿ ಚೆಂಡು ಉಳಿದವುಗಳಿಗಿಂತ ದೊಡ್ಡದಾಗಿಯೋ ಭಾರವಾಗಿಯೋ ಇರುತ್ತದೆ. ಕೆಲವದರ ಒಳಗೆ ಅಯಸ್ಕಾಂತಕ್ಕೆ ಸ್ಪಂದಿಸುವ ಲೋಹವಿರುತ್ತದೆ. ಪ್ರಮಾಣಿತ ಚೆಂಡಿನ ವ್ಯಾಸ 57.15 ಮಿಲಿಮೀಟರ್, ದೊಡ್ಡ ಬಿಳಿ ಚೆಂಡಿನದು ಸುಮಾರು 60.3 ಮಿಲಿಮೀಟರ್. ಅಂದರೆ ಅದರ ನಡುಬಿಂದು ಬಟ್ಟೆಯಿಂದ ಒಂದೂವರೆ ಮಿಲಿಮೀಟರ್‌ನಷ್ಟು ಮೇಲಿರುತ್ತದೆ. ಕಣ್ಣಿನ ಅಭ್ಯಾಸದಂತೆ ನಡುವಿಗೇ ಹೊಡೆದೆನೆಂದು ತಿಳಿದವನು ವಾಸ್ತವದಲ್ಲಿ ಕೊಂಚ ಕೆಳಗೆ ಹೊಡೆದಿರುತ್ತಾನೆ. ಭಾರದ ಚೆಂಡು ಬಣ್ಣದ ಚೆಂಡಿಗೆ ನೇರವಾಗಿ ಡಿಕ್ಕಿ ಹೊಡೆದ ಮೇಲೂ ಸ್ವಲ್ಪ ಮುಂದಕ್ಕೆ ಸಾಗುವುದರಿಂದ, ಅದನ್ನು ಹಿಂದಕ್ಕೆ ಎಳೆದು ತರುವ ಡ್ರಾ ಹೊಡೆತ ಕಷ್ಟವಾಗುತ್ತದೆ, ಮುಂದಕ್ಕೆ ಹಿಂಬಾಲಿಸುವ ಫಾಲೋ ಹೊಡೆತ ಸುಲಭವಾಗುತ್ತದೆ.

ದುಬಾರಿ ಕ್ಯೂ ಕೊಳ್ಳುವವರು ಯೋಚಿಸಬೇಕಾದದ್ದು ಇಲ್ಲಿ. ನಡುವಿನಿಂದ ಪಕ್ಕಕ್ಕೆ ಹೊಡೆದಾಗ ಬಿಳಿ ಚೆಂಡು ಗುರಿಯ ಗೆರೆಯಿಂದ ಆಚೆಗೆ ಸರಿಯುವುದನ್ನು ಕಡಿಮೆ ಮಾಡಲೆಂದು ಕಡಿಮೆ ಡಿಫ್ಲೆಕ್ಷನ್ ಶಾಫ್ಟ್‌ಗಳು ಬಂದವು. ಪ್ರಿಡೇಟರ್ ಕಂಪನಿಯ ರೆವೋದಂಥ ಕಾರ್ಬನ್ ಫೈಬರ್ ಶಾಫ್ಟ್‌ಗಳು ಅವುಗಳ ಇತ್ತೀಚಿನ ರೂಪ. ಒಳ್ಳೆಯ ಮೇಜಿನಲ್ಲಿ ಅವು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ, ತೇವಕ್ಕೂ ಬಿಸಿಲಿಗೂ ಬಾಗುವುದಿಲ್ಲ. ಆದರೆ ಹೀಗೆ ಸರಿಯುವ ಪ್ರಮಾಣ ಶಾಫ್ಟ್‌ನ ಮುಂಭಾಗದ ತೂಕ ಮತ್ತು ಚೆಂಡಿನ ತೂಕ ಎರಡನ್ನೂ ಅವಲಂಬಿಸಿರುತ್ತದೆ. ಚೆಂಡೇ ಒಂದೊಂದು ಬಾರ್‌ನಲ್ಲಿ ಒಂದೊಂದು ಬಗೆಯದಾದರೆ, ಸೂಕ್ಷ್ಮವಾಗಿ ರೂಢಿಸಿಕೊಂಡ ಲೆಕ್ಕ ಅಲ್ಲಿ ಹೊಂದುವುದಿಲ್ಲ. ಮೇಪಲ್‌ನ ಸಾದಾ 13 ಮಿಲಿಮೀಟರ್ ಶಾಫ್ಟ್ ಚೆಂಡನ್ನು ಹೆಚ್ಚು ಸರಿಸುತ್ತದೆ, ನಿಜ. ಆದರೆ ಬಾರ್‌ನ ಚಿಕ್ಕ ಮೇಜಿನಲ್ಲಿ ಜಾಣನಾದವನು ಪಕ್ಕದ ಸ್ಪಿನ್ ಅನ್ನು ಮಿತವಾಗಿ ಬಳಸುತ್ತಾನೆ. ಹಾಗೆ ಬಳಸಿದಾಗ ಎರಡರ ಅಂತರ ನನಗಂತೂ ಎದ್ದು ಕಾಣಲಿಲ್ಲ.

ಚೆಂಡುಗಳ ಗುಂಪನ್ನು ಚದುರಿಸಿ ಆಟ ಆರಂಭಿಸುವ ಬ್ರೇಕ್ ಹೊಡೆತಕ್ಕೆ ಮಾತ್ರ ನಾನು ಬಾರ್‌ನ ಕೋಲನ್ನೇ ತೆಗೆದುಕೊಳ್ಳುತ್ತೇನೆ. ಪೂರ್ಣ ಬಲದ ಏಟುಗಳು ಟಿಪ್ ಅನ್ನು ಬೇಗ ಗಡಸು ಮಾಡಿ ಅಂಚಿನಲ್ಲಿ ಹರಡಿಸುತ್ತವೆ. ಆ ಸವೆತವನ್ನು ಗೋಡೆಯ ಕೋಲೇ ಭರಿಸಲಿ ಎಂಬುದರಲ್ಲಿ ಸ್ವಲ್ಪ ಸ್ವಾರ್ಥವಿದೆ ಎಂದು ಒಪ್ಪುತ್ತೇನೆ. ಗೋಡೆ ಅಡ್ಡ ಬರುವ ಇಕ್ಕಟ್ಟಿನ ಜಾಗದಲ್ಲಿಯೂ ಬಾರ್‌ನ ಗಿಡ್ಡ ಕೋಲೇ ಗತಿ, 58 ಇಂಚಿನ ಕ್ಯೂ ಅಲ್ಲಿ ಕೆಲಸಕ್ಕೆ ಬಾರದು. ಅಂದಹಾಗೆ, ವಿಶ್ವ ಪೂಲ್ ಸಂಸ್ಥೆಯ ನಿಯಮಗಳ ಪ್ರಕಾರ ಕ್ಯೂ ಕನಿಷ್ಠ 40 ಇಂಚು ಉದ್ದವಿರಬೇಕು, ತೂಕ 25 ಔನ್ಸ್ ಮತ್ತು ಟಿಪ್‌ನ ಅಗಲ 14 ಮಿಲಿಮೀಟರ್ ಮೀರಬಾರದು. ಬಾರ್‌ನಲ್ಲಿ ಇದನ್ನು ಅಳೆಯುವವರು ಯಾರೂ ಇಲ್ಲ.

ಕೇಸ್ ತೆರೆದು ಕ್ಯೂ ಜೋಡಿಸತೊಡಗಿದ ಕ್ಷಣದಿಂದ ಸುತ್ತಲಿನವರ ನೋಟ ಬದಲಾಗುವುದನ್ನು ಸ್ವಂತ ಕ್ಯೂ ಒಯ್ಯುವವರೆಲ್ಲ ಬಲ್ಲರು. ಕೆತ್ತನೆ, ಬಣ್ಣದ ಕುಸುರಿ ಇರುವ ಕ್ಯೂ ಆದರೆ ಎದುರಾಳಿ ಒಂದೋ ಹೆದರಿ ಹಿಂಜರಿಯುತ್ತಾನೆ, ಇಲ್ಲವೇ ಸೋಲಿಸಿ ತೋರಿಸುವ ಹಟಕ್ಕೆ ಬೀಳುತ್ತಾನೆ. ಪಣಕ್ಕೆ ಆಡೋಣವೆಂದು ಬರುವವರೂ ಇದ್ದಾರೆ. ಸುಲಭದ ಚೆಂಡೊಂದು ತಪ್ಪಿದರೆ ನಗುವೂ ದುಪ್ಪಟ್ಟಾಗಿ ಕೇಳಿಸುತ್ತದೆ. ಸ್ನೀಕಿ ಪೀಟ್‌ನ ಸಾದಾತನ ಈ ಇರುಸುಮುರುಸನ್ನು ಬಹಳಷ್ಟು ತಗ್ಗಿಸುತ್ತದೆ. ಜೋಡಿಸುವಾಗ ನೋಡಿದವರನ್ನು ಬಿಟ್ಟರೆ ಉಳಿದವರಿಗೆ ಅದು ಇನ್ನೊಂದು ಕೋಲು ಅಷ್ಟೇ. ಇದರಲ್ಲಿಯೇ ಒಂದು ಅಪಾಯವೂ ಅಡಗಿದೆ. ಗೋಡೆಗೆ ಒರಗಿಸಿಟ್ಟು ಅತ್ತ ತಿರುಗಿದರೆ, ಬಾರ್‌ನದೇ ಎಂದುಕೊಂಡು ಯಾರಾದರೂ ಎತ್ತಿಕೊಳ್ಳುತ್ತಾರೆ, ಕೇಳಿದರೆ ನಿಜವಾಗಿಯೂ ಅಚ್ಚರಿಪಡುತ್ತಾರೆ. ಆಟವಿಲ್ಲದಾಗ ಅದು ಕೈಯಲ್ಲಿರಬೇಕು ಅಥವಾ ಬಿಚ್ಚಿ ಕೇಸಿನಲ್ಲಿರಬೇಕು. ಮರದ ಕ್ಯೂ ದೀರ್ಘಕಾಲ ಒರಗಿಸಿಟ್ಟರೆ ಬಾಗುವ ಸಾಧ್ಯತೆಯೂ ಇರುವುದರಿಂದ ಈ ಶಿಸ್ತು ಎರಡು ಕಾರಣಕ್ಕೆ ಒಳ್ಳೆಯದು. ಹೊಸ ಬಾರ್‌ಗೆ ಹೋದಾಗ ಸ್ವಂತ ಕ್ಯೂ ಬಳಸಬಹುದೇ ಎಂದು ಕೌಂಟರಿನಲ್ಲಿ ಒಂದು ಮಾತು ಕೇಳಿಬಿಡುವುದು ಮರ್ಯಾದೆ.

ದೋಷಗಳನ್ನು ಮುಚ್ಚಿಡುವಂತಿಲ್ಲ. ಹಿಡಿಗೆ ಸುತ್ತು ಇಲ್ಲದ್ದರಿಂದ ಅಂಗೈ ಬೆವರಿದಾಗ ದಪ್ಪನೆಯ ವಾರ್ನಿಷ್ ಅಂಟಂಟಾಗುತ್ತದೆ, ಒಂದು ಬಟ್ಟೆಯ ತುಂಡು ಜೊತೆಗಿರಲೇಬೇಕು. ಶಾಫ್ಟ್‌ನ ಮೇಲಿನ ಲೇಪವೂ ಮೊದಮೊದಲು ಬೆರಳುಗಳ ನಡುವೆ ತಡೆದು ಸಾಗುತ್ತಿತ್ತು. ಒಣ ಮೈಕ್ರೋಫೈಬರ್ ಬಟ್ಟೆಯಿಂದ ಪ್ರತಿ ಆಟದ ನಂತರ ಒರೆಸುತ್ತ ಬಂದ ಮೇಲೆ ಸರಾಗವಾಯಿತು. ಮರಳು ಕಾಗದದಿಂದ ಉಜ್ಜುವ ಸಲಹೆ ಕೊಡುವವರ ಮಾತು ಕೇಳಬಾರದು, ಪ್ರತಿ ಸಲವೂ ಮರ ಸವೆದು ಶಾಫ್ಟ್ ಸಣಕಲಾಗುತ್ತದೆ. ಕ್ಯೂ ಜೊತೆಗೆ ಕೊಟ್ಟ ತೆಳುವಾದ ಚೀಲ ಹೆಸರಿಗೆ ಮಾತ್ರ ಕೇಸ್. ಜಾಯಿಂಟ್‌ನ ಎರಡು ತುದಿಗಳಿಗೆ ಹಾಕುವ ಮುಚ್ಚಳಗಳನ್ನೂ ಕೊಟ್ಟಿರಲಿಲ್ಲ. ಪಿನ್‌ನ ಎಳೆಗಳಲ್ಲಿ ಧೂಳು, ತೇವ ಸೇರಿದರೆ ಜಾಯಿಂಟ್ ಬಿಗಿಯಾಗಿ ಕೂರದು. ಆದ್ದರಿಂದ ಮುಚ್ಚಳಗಳಿಗೂ, ಒಂದು ಬಟ್ (ಹಿಡಿಯಿರುವ ಹಿಂದಿನ ತುಂಡು), ಒಂದು ಶಾಫ್ಟ್ ಹಿಡಿಸುವ ಗಟ್ಟಿ ಕೇಸಿಗೂ ಬೇರೆಯಾಗಿ ಹಣ ತೆಗೆದಿಡಬೇಕು. ಆ ಕೇಸನ್ನು ಬಿಸಿಲಲ್ಲಿ ನಿಂತ ವಾಹನದ ಡಿಕ್ಕಿಯಲ್ಲಿ ಬಿಟ್ಟುಹೋಗಬಾರದು, ಮೇಪಲ್ ಶಾಫ್ಟ್ ಬಾಗಲು ಅದಕ್ಕಿಂತ ಸುಲಭದ ದಾರಿ ಇಲ್ಲ.

ಅಪರೂಪಕ್ಕೊಮ್ಮೆ ಗೆಳೆಯರ ಜೊತೆ ಆಡುವವರು ಇದನ್ನು ಕೊಳ್ಳುವ ಅಗತ್ಯವಿಲ್ಲ. ಜೇಬಿನಲ್ಲಿ ಒಂದು ಚಾಕ್, ಒಂದು ಶೇಪರ್ ಇದ್ದು, ಗೋಡೆಯ ಕೋಲುಗಳಲ್ಲಿ ಟಿಪ್ ನೋಡಿ ಆರಿಸಿಕೊಂಡರೆ ಸಾಕು, ಶೇಪರ್ ಬಳಸುವ ಮೊದಲು ಬಾರ್‌ನವರ ಒಪ್ಪಿಗೆ ಪಡೆದಿರಬೇಕು. ವಾರವಾರವೂ ಆಡುವವರು, ಅದರಲ್ಲೂ ಹಲವು ಬಾರ್‌ಗಳಲ್ಲಿ ಆಡುವವರು ಕೊಳ್ಳಬಹುದು. ಕೊಳ್ಳುವಾಗ 19 ಔನ್ಸ್‌ನಿಂದ ಆರಂಭಿಸಿ, ಹಿಡಿಯ ಬುಡದ ರಬ್ಬರ್ ಬಂಪರ್ ತೆಗೆದರೆ ತೂಕದ ಬೋಲ್ಟ್ ಬದಲಿಸಲು ಬರುವಂಥದ್ದನ್ನೇ ಕೇಳಿ ಪಡೆಯಬೇಕು.