ಬ್ರೆಜಿಲ್ಲೋ ಪೋರ್ಚುಗಲ್ಲೋ? ಯಾವ ಟೀಮ್ ಹಿಡೀಬೇಕು

ವಿಜಯಪುರ, ಬಾಗಲಕೋಟಿ ಕಡೆಯಿಂದ ವಾಸ್ಕೋಕ್ಕ ಬಂದ ನಮ್ಮ ಮಂದಿ ಮೊದಲು ಕ್ರಿಕೆಟ್‌ನವ್ರೇ, ಆದ್ರ ಗೋವಾದಾಗ ಫುಟ್‌ಬಾಲ್ ವರ್ಲ್ಡ್ ಕಪ್ ಬಂತಂದ್ರ ಬಾಲ್ಕನಿ ಮ್ಯಾಲೆ ಬಾವುಟ ಹಾರ್ತಾವ, ಆಗ ಹುಡುಗ್ರು ಕೇಳೋದು ಇದೊಂದೇ.

ಕಪ್ ಎಣಿಸೋದಾದ್ರ ಬ್ರೆಜಿಲ್, ಮಾತೇ ಬ್ಯಾಡ. 1958, 1962, 1970, 1994, 2002, ಐದು ಸಲ ಗೆದ್ದಾರ, ಒಂದೂ ವರ್ಲ್ಡ್ ಕಪ್ ತಪ್ಪಿಸಿಲ್ಲ. ಆದ್ರ 2006ರಿಂದ 2022ರ ತನಕ ಒಂದೂ ಫೈನಲ್ ಇಲ್ಲ, 2014ರಾಗ ತಮ್ಮ ಮನ್ಯಾಗ ಜರ್ಮನಿ ಕೈಲಿ 7-1 ಸೋತ್ರು.

ಪೋರ್ಚುಗಲ್ ಕಥಿ ಬ್ಯಾರೆ, ನನಗ ಇದೇ ಹೆಚ್ಚು ಹಿಡಿಸ್ತದ. 1966ರಾಗ ಮೊದಲ ವರ್ಲ್ಡ್ ಕಪ್ ಆಡಿ ಮೂರನೇ ಜಾಗ, ಉತ್ತರ ಕೊರಿಯಾ ಮುಂದ 0-3 ಹಿಂದ ಬಿದ್ದಾಗ ಯುಸೇಬಿಯೊ ಒಬ್ಬನೇ ನಾಲ್ಕು ಗೋಲ್ ಹೊಡೆದು 5-3 ಮಾಡಿಸಿದ, ಆ ಟೂರ್ನಿ ಪೂರ್ತಿ ಅವನದು 9 ಗೋಲ್. 2004ರ ಯೂರೋ (ಯುರೋಪ್ ದೇಶಗಳ ಕಪ್) ಫೈನಲ್ ತಮ್ಮ ಲಿಸ್ಬನ್‌ನಾಗ ಗ್ರೀಸ್‌ಗೆ 0-1 ಸೋತು ಅತ್ರು, 2016ರ ಯೂರೋ ಫೈನಲ್‌ನಾಗ ಪ್ಯಾರಿಸ್‌ನ್ಯಾಗ ರೊನಾಲ್ಡೊ ಗಾಯ ಆಗಿ ಹೊರಗ ಹೋದ್ರೂ ಎಕ್ಸ್ಟ್ರಾ ಟೈಮ್‌ನಾಗ ಏಡರ್ ಗೋಲ್ ಹೊಡೆದು ಫ್ರಾನ್ಸ್ ಮಣಿಸಿದ! ಆಮ್ಯಾಲೆ ಯುರೋಪ್ ದೇಶಗಳದ್ದೇ ಇನ್ನೊಂದು ಟೂರ್ನಿ ನೇಷನ್ಸ್ ಲೀಗ್ 2019, 2025ರಾಗ ಗೆದ್ರು. ವರ್ಲ್ಡ್ ಕಪ್ ಫೈನಲ್ ಮಾತ್ರ 2022ರ ತನಕ ಆಡಿಲ್ಲ.

1961ರ ತನಕ ಗೋವಾ ಆಳಿದ ದೇಶ ಅಂತ ಕೆಲವ್ರಿಗೆ ಮನಸ್ಸಾಗಲ್ಲ, ಅದೂ ಸರಿನೇ. ಜರ್ಸಿ ತಗೊಳ್ಳೋ ಮೊದಲು ಇಟಲಿಯನ್ನ 4-1 ಸೋಲಿಸಿದ ಬ್ರೆಜಿಲ್‌ನ 1970ರ ಫೈನಲ್ಲೂ, ಆ ಕೊರಿಯಾ ಮ್ಯಾಚೂ ಎರಡೂ ನೋಡ್ರಿ.