ತಾಯಿಯ ಹಾಸಿಗೆಯ ಪಕ್ಕದಿಂದ ಕಂಡ ಶುಶ್ರೂಷೆ

ಕಳೆದ ಮಳೆಗಾಲದಲ್ಲಿ ಕಾಫಿ ಕಣದ ಪಾಚಿಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡ ನನ್ನ ತಾಯಿಯೊಂದಿಗೆ ಮಡಿಕೇರಿಯ ಆಸ್ಪತ್ರೆಯೊಂದರಲ್ಲಿ 11 ದಿನ ಇದ್ದ ನಾನು, ಅಲ್ಲಿನ ಶುಶ್ರೂಷೆಯ ಬಗ್ಗೆ ಬರೆಯುವುದು ಕರ್ತವ್ಯವೆಂದು ಭಾವಿಸಿದ್ದೇನೆ. ಕಟ್ಟಡ ಹಳೆಯದು, ಊಟ ಸಾಧಾರಣ.

ಮಲಗಿದಲ್ಲೇ ಇರುವ ರೋಗಿಯ ಮಗ್ಗುಲನ್ನು ಸುಮಾರು 2 ಗಂಟೆಗೊಮ್ಮೆ ಬದಲಾಯಿಸದಿದ್ದರೆ, ಬೆನ್ನು ಮತ್ತು ಹಿಮ್ಮಡಿಗಳಲ್ಲಿ ರಕ್ತಸಂಚಾರ ಕುಗ್ಗಿ ಹುಣ್ಣಾಗುತ್ತದೆ ಎಂದು ನನಗೆ ತಿಳಿಸಿದವರು ರಾತ್ರಿ ಪಾಳಿಯ ಸಿಸ್ಟರ್. ಕಾಲುಗಳ ನಡುವೆ ದಿಂಬನ್ನಿರಿಸಿ, ‘ಅವ್ವಾ, ಸ್ವಲ್ಪ ಉಸಿರು ಬಿಡಿ’ ಎನ್ನುತ್ತ ಅವರು ಹೊರಳಿಸುವಾಗ ತಾಯಿಯ ಮುಖದಲ್ಲಿ ಭಯ ಕಾಣಲಿಲ್ಲ. 11 ದಿನಗಳಲ್ಲಿ ಒಂದು ಹುಣ್ಣೂ ಆಗಲಿಲ್ಲವೆಂಬುದು ಸಣ್ಣ ಸಂಗತಿಯಲ್ಲ.

ಸೋಮವಾರಪೇಟೆ ಕಡೆಯ ಈ ಸಿಸ್ಟರ್ 3 ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ) ಮುಗಿಸಿ ಕೆಲಸಕ್ಕೆ ಸೇರಿದವರು. ಈಗ, ಡಿಪ್ಲೊಮಾ ಮುಗಿಸಿದ ನರ್ಸ್‌ಗಳಿಗಿರುವ 2 ವರ್ಷದ ಪದವಿ ಕೋರ್ಸಾದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್‌ಗೆ ಸಿದ್ಧರಾಗುತ್ತಿದ್ದಾರೆ. ಮೊದಲ ವರ್ಷ ಸೂಜಿ ಹಿಡಿದರೆ ಕೈ ನಡುಗುತ್ತಿತ್ತೆಂದೂ, ಇಂದು ಸಿಗದ ನರವನ್ನು ಹುಡುಕಿಕೊಡಲು ಹೊಸಬರು ತಮ್ಮನ್ನೇ ಕರೆಯುತ್ತಾರೆಂದೂ ಹೇಳಿದಾಗ ಅವರ ದನಿಯಲ್ಲಿದ್ದ ಹೆಮ್ಮೆ ನನ್ನನ್ನೂ ತಟ್ಟಿತು.

ಕೊರತೆಯೂ ಇದೆ. ರಾತ್ರಿ ಇಡೀ ವಾರ್ಡಿಗೆ ಒಬ್ಬರೇ ಇದ್ದುದರಿಂದ ಎರಡು ಬಾರಿ ಬಹಳ ಹೊತ್ತು ಕಾಯಬೇಕಾಯಿತು. ಆಡಳಿತವು ಇದನ್ನು ಸರಿಪಡಿಸಲೇಬೇಕು. ಬಿಡುಗಡೆಯ ದಿನ, ಪಾಳಿ ಮುಗಿದಿದ್ದರೂ ಆ ಸಿಸ್ಟರ್ ಉಳಿದುಕೊಂಡು, ತಾಯಿಗೆ ವಾಕರ್ ಹಿಡಿದು ಬಾಗಿಲಿನವರೆಗೆ ನಡೆಯಲು ಕಲಿಸಿದರು.