ರಿಟೈರ್ಮೆಂಟಿಗೆ ಕೊಂಡ 37 ಅಡಿಯ ಹಳೆಯ ಹಾಯಿದೋಣಿ: ನಡಿಗೆಗೆ ಪೂರ್ತಿ ಅಂಕ, ತೇಗದ ಡೆಕ್ಕಿಗೆ ಸೊನ್ನೆ

ರಿಟೈರ್ ಆದ ಮೇಲೆ ಹಾಯಿದೋಣಿಯಲ್ಲೇ ಮನೆ ಮಾಡಬೇಕು, ಆದಷ್ಟು ಕಡಲು ಸುತ್ತಬೇಕು ಅಂತ ಆಸೆ ಇಟ್ಟುಕೊಂಡವರು ಬೆಂಗಳೂರಿನಲ್ಲಿ ಇದ್ದಾರೆ. ಗಿರಿನಗರದ ನಮ್ಮ ಮನೆಗೆ ಬಂದು ವಿಚಾರಿಸುವವರು ಮೊದಲು ಕೇಳುವುದು ಎಷ್ಟು ಅಡಿಯ ದೋಣಿ ಬೇಕು ಅಂತ. ಆಮೇಲೆ, ಒಂದು ಒಡಲಿನದೋ ಎರಡು ಒಡಲಿನ ಕ್ಯಾಟಮರಾನೋ ಅಂತ. ಡೆಕ್ಕು, ಅಂದರೆ ದೋಣಿಯ ಮೇಲಿನ ನೆಲ, ಯಾತರದ್ದು ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ನಾನು ಬರೆಯಲು ಕೂತದ್ದು ಆ ಕೇಳದ ಪ್ರಶ್ನೆಗಾಗಿ. ಆದರೂ ಮೊದಲಿನ ಎರಡಕ್ಕೆ ಉತ್ತರ ಹೇಳಿ ಮುಂದೆ ಹೋಗುತ್ತೇನೆ.

ನಮ್ಮದು 80ರ ದಶಕದಲ್ಲಿ ತೈವಾನಿನಲ್ಲಿ ಕಟ್ಟಿದ, ಕಟರ್ ಅನ್ನುವ ಬಗೆಯ ಹಾಯಿದೋಣಿ. ಫೈಬರ್‌ಗ್ಲಾಸ್ ಒಡಲು, ಒಂದು ಕಂಬ, ಕಂಬದ ಮುಂದೆ ಎರಡು ಹಾಯಿ, ದೋಣಿಯ ತಳದಲ್ಲಿ ನೀರಿಗೆ ಇಳಿದ ರೆಕ್ಕೆಯಂಥ ಉದ್ದ ಕೀಲ್, ಹತ್ತು ಟನ್ನಿಗೂ ಮೇಲೆ ತೂಕ. ಉಳಿದ ಅಳತೆಗಳು ಇಂಥ ದೋಣಿಗಳ ಜಾಹೀರಾತಿನಲ್ಲೇ ಇರುತ್ತವೆ, ಬಿಡಿ. ಕೊಂಡದ್ದು ಮಲೇಷ್ಯಾದ ಲಂಕಾವಿಯಲ್ಲಿ. 1987ರಿಂದ ಅದು ಸುಂಕವಿಲ್ಲದ ದ್ವೀಪ. ದೂರದೂರದಿಂದ ಹಾಯಿ ಬಿಚ್ಚಿ ಬಂದವರು ವಯಸ್ಸಾಯಿತು ಅಂತ ದೋಣಿ ಮಾರಿ ವಿಮಾನ ಹತ್ತುವ ಜಾಗಗಳಲ್ಲಿ ಅದೂ ಒಂದು. ಹಾಗಾಗಿ ಲಂಗರು, ಸೋಲಾರ್ ಪ್ಯಾನಲ್, ಬಿರುಗಾಳಿಯ ಹಾಯಿ ಎಲ್ಲ ಸೇರಿಸಿಟ್ಟ ದೋಣಿಗಳೇ ಅಲ್ಲಿ ಮಾರಾಟಕ್ಕೆ ಸಿಗುತ್ತವೆ. ಬನಶಂಕರಿಯಲ್ಲಿದ್ದ ಒಂದು ಸೈಟು ಮಾರಿ ಕೊಂಡೆವು. ಬೆಂಗಳೂರಿನ ಸಾಧಾರಣ ಎರಡು ಬೆಡ್‌ರೂಮ್ ಫ್ಲ್ಯಾಟಿಗಿಂತ ಕಡಿಮೆಗೇ ಬಂತು.

ಅಡಿಯ ವಿಷಯಕ್ಕೆ ಬಂದರೆ, ಇಬ್ಬರಿಗೆ 36-37 ಅಡಿ ಧಾರಾಳ ಸಾಕು. ನಮ್ಮ ಸೇನೆಯ ಎಂಜಿನಿಯರುಗಳು 1985ರಿಂದ 1987ರವರೆಗೆ ಭೂಮಿ ಸುತ್ತಿ ಬಂದ ‘ತೃಷ್ಣಾ’ 37 ಅಡಿಯದ್ದೇ. ಹಲಸೂರು ಕೆರೆಯ ಪಕ್ಕದಲ್ಲಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಅದೇ ಪಡೆಗೆ ಸೇರಿದ್ದು. 2022ರಲ್ಲಿ ಹೊರಟ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದದ್ದು ರಸ್ಲರ್ ಅನ್ನುವ 36 ಅಡಿಯ ದೋಣಿಯಲ್ಲಿ. ಗೆದ್ದ ಕರ್ಸ್ಟನ್ ನಾಯ್‌ಶೇಫರ್ ಅವರದ್ದೂ 36 ಅಡಿಯ ಕಟರ್. ಆ ರೇಸಿನ ನಿಯಮವೇ 32ರಿಂದ 36 ಅಡಿ, ಉದ್ದ ಕೀಲ್, ಹಳೆಯ ವಿನ್ಯಾಸ ಅಂತ. ಉದ್ದ ಜಾಸ್ತಿ ಆದಷ್ಟೂ ಹಾಯಿ ದೊಡ್ಡದಾಗುತ್ತದೆ, ಹಗ್ಗ ದಪ್ಪವಾಗುತ್ತದೆ, ಲಂಗರು ಭಾರವಾಗುತ್ತದೆ. ಎಳೆಯಬೇಕಾದ ತೋಳು ಮಾತ್ರ ನಮ್ಮದೇ, ಅಲ್ವಾ?

ಕ್ಯಾಟಮರಾನ್ ನಾವೂ ನೋಡಿದೆವು. ವಾಲುವುದಿಲ್ಲ, ಒಳಗೆ ಹಾಲ್ ಇದ್ದಂತೆ ವಿಶಾಲ, ಆಳವಿಲ್ಲದ ನೀರಿಗೂ ಹೋಗುತ್ತದೆ. ಆದರೆ ಅದೇ ಉದ್ದದ್ದಕ್ಕೆ ನಮ್ಮ ಬಜೆಟ್ಟಿನ ಎರಡು ಪಟ್ಟಿಗೂ ಮೇಲೆ ಹೇಳಿದರು. ಅಗಲ ಜಾಸ್ತಿ ಅಂತ ದೋಣಿ ಕಟ್ಟಿ ನಿಲ್ಲಿಸುವ ಎಷ್ಟೋ ಮರೀನಾಗಳಲ್ಲಿ ಬಾಡಿಗೆಯೂ ಜಾಸ್ತಿ. ಮೇಲಾಗಿ ಅದಕ್ಕೆ ಭಾರ ತುಂಬಿದರೆ ನಡಿಗೆ ಕೆಡುತ್ತದೆ. ಅಕ್ಕಿ, ಬೇಳೆ, ರಾಗಿಹಿಟ್ಟು, ಪುಸ್ತಕ ಅಂತ ಮೂಟೆ ಕಟ್ಟಿಕೊಂಡು ಹೊರಡುವ ನಮ್ಮಂಥವರಿಗೆ ಹತ್ತು ಟನ್ನಿನ ಭಾರಿ ದೋಣಿಯೇ ಸರಿ. ಅದಕ್ಕೆ ಇನ್ನೊಂದು ಮೂಟೆ ಹೇರಿದರೂ ಗೊತ್ತಾಗುವುದಿಲ್ಲ.

ಕಡಲಲ್ಲಿ ನಡೆಯುವುದರಲ್ಲಿ ಈ ದೋಣಿಗೆ ಹೆಸರಿಡುವಂತಿಲ್ಲ. ಲಂಕಾವಿಯಿಂದ ಶ್ರೀಲಂಕಾದ ಗಾಲೆಗೆ ಸುಮಾರು 1,150 ನಾಟಿಕಲ್ ಮೈಲಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದ ಗಾಳಿ ಬೀಸುವಾಗ ಪಶ್ಚಿಮಕ್ಕೆ ಹೊರಟರೆ ಗಾಳಿ ಬೆನ್ನಿಗೋ ಪಕ್ಕೆಗೋ ಸಿಗುತ್ತದೆ. ಐದು ನಾಟ್ ವೇಗ ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ, ದಿನಕ್ಕೆ 120. ಹಗುರ ದೋಣಿಗಳು ನಮ್ಮನ್ನು ದಾಟಿ ಹೋಗುತ್ತವೆ, ಹೋಗಲಿ. ಇದು ಅಲೆಯ ಮೇಲೆ ದಡ್ ಅಂತ ಬೀಳುವುದಿಲ್ಲ. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತದೆ. ಅರವತ್ತು ದಾಟಿದ ಸೊಂಟಕ್ಕೆ ಆ ವ್ಯತ್ಯಾಸ ಮೊದಲ ರಾತ್ರಿಯೇ ಗೊತ್ತಾಗುತ್ತದೆ.

ಹಿಂಬದಿಯಲ್ಲಿ ವಿಂಡ್‌ವೇನ್ ಇದೆ. ಚುಕ್ಕಾಣಿಯನ್ನು ಗಾಳಿಯ ಕೈಗೆ ಕೊಡುವ ಯಂತ್ರ ಅದು. ಮೇಲೆ ತೆಳು ಪ್ಲೈವುಡ್ ಹಲಗೆ, ಕೆಳಗೆ ನೀರಿನಲ್ಲಿ ಹುಟ್ಟಿನಂಥ ಉದ್ದನೆಯ ಪಟ್ಟಿ. ದೋಣಿ ದಾರಿ ಬಿಟ್ಟು ಸ್ವಲ್ಪ ತಿರುಗಿದರೂ ಗಾಳಿ ಹಲಗೆಯನ್ನು ಓರೆ ಮಾಡುತ್ತದೆ. ಹಲಗೆ ಓರೆಯಾದರೆ ಕೆಳಗಿನ ಪಟ್ಟಿ ತಿರುಗುತ್ತದೆ, ಹರಿಯುವ ನೀರು ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಬಲಕ್ಕೆ ಹಗ್ಗ ಜಗ್ಗಿ ಚುಕ್ಕಾಣಿ ತಿರುಗಿ ದೋಣಿ ದಾರಿಗೆ ಬರುತ್ತದೆ. ಚೂರೂ ಕರೆಂಟ್ ಬೇಡ. ಸಂಜೆ ಕತ್ತಲಾಗುವ ಮುಂಚೆ ಹಲಗೆಯ ಓರೆ ಸರಿಮಾಡಿ, ಹಗ್ಗ ಸವೆದಿದೆಯೇ ಅಂತ ಬೆರಳಲ್ಲಿ ಸವರಿ ನೋಡುವುದು ನನ್ನ ಕೆಲಸ. ಅಲ್ಲಿಂದ ಬೆಳಗಿನವರೆಗೆ ಅದು ಕಿರ್ ಕಿರ್ ಅಂತ ತನ್ನ ಪಾಡಿಗೆ ದುಡಿಯುತ್ತದೆ. ಒಂದು ಮಾತು ನೆನಪಿರಲಿ. ಅದಕ್ಕೆ ಗೊತ್ತಿರುವುದು ಗಾಳಿಯ ದಿಕ್ಕು, ಊರಿನ ದಿಕ್ಕಲ್ಲ. ಗಾಳಿ ತಿರುಗಿದರೆ ದೋಣಿಯೂ ಜೊತೆಗೇ ತಿರುಗುತ್ತದೆ. ಅದಕ್ಕೇ ಸರದಿಯ ಮೇಲೆ ಎದ್ದು ದಿಕ್ಸೂಚಿ ನೋಡುವುದು, ಹಡಗಿನ ದೀಪ ಕಾಣುತ್ತದೆಯೇ ಅಂತ ಸುತ್ತ ಕಣ್ಣಾಡಿಸುವುದು ತಪ್ಪಿದ್ದಲ್ಲ.

ನನ್ನ ಸರದಿ ಬೆಳಗಿನ ಜಾವದ್ದು. ಆ ಹೊತ್ತಿನ ಕಾಫಿಯ ಬಗ್ಗೆ ಬರೆಯದೆ ಇರಲಾರೆ. ಅಡುಗೆಮನೆ ಚಿಕ್ಕದು, ಮೂರು ಕಡೆಯೂ ಕೈಗೆಟುಕುತ್ತದೆ. ಒಲೆ ತೂಗುವ ಕೊಂಡಿಯ ಮೇಲಿದೆ, ದೋಣಿ ವಾಲಿದರೂ ಅದು ಮಟ್ಟವಾಗಿ ನಿಲ್ಲುತ್ತದೆ. ಫಿಲ್ಟರ್ ಮಾತ್ರ ಒಲೆಯ ಹತ್ತಿರ ಇಡುವಂತಿಲ್ಲ. ಸಿಂಕ್ ಆಳವಾಗಿದೆ, ಅದರ ಮೂಲೆಗೆ ಫಿಲ್ಟರ್ ನಿಲ್ಲಿಸಿ, ಸುತ್ತ ಹಳೆಯ ಟವೆಲ್ ತುರುಕುತ್ತೇನೆ. ಬಿಸಿನೀರು ಒಂದೇ ಸಲ ಸುರಿದರೆ ಕೈ ಸುಟ್ಟುಕೊಳ್ಳಬೇಕಾಗುತ್ತದೆ. ದೋಣಿ ಒಂದು ಕಡೆ ವಾಲಿ ನೆಟ್ಟಗಾಗುವ ಆ ಒಂದು ಕ್ಷಣದಲ್ಲಿ ಸ್ವಲ್ಪ, ಮತ್ತೆ ನೆಟ್ಟಗಾದಾಗ ಸ್ವಲ್ಪ ಸುರಿಯಬೇಕು. ಗಾಂಧಿ ಬಜಾರಿನಿಂದ ತಂದ ಪುಡಿಯನ್ನು ಬೆಂಗಳೂರಲ್ಲೇ ಚಿಕ್ಕ ಚಿಕ್ಕ ಪೊಟ್ಟಣ ಮಾಡಿ ಗಾಳಿಯಾಡದಂತೆ ಸೀಲ್ ಹಾಕಿಸಿರುತ್ತೇನೆ. ದೊಡ್ಡ ಡಬ್ಬಿ ಒಮ್ಮೆ ತೆರೆದರೆ ಕಡಲ ಗಾಳಿಗೆ ಪುಡಿ ಗಂಟು ಕಟ್ಟುತ್ತದೆ. ಹಾಲು ಪ್ಯಾಕೆಟ್ಟಿನದ್ದು, ಫ್ರಿಜ್ ಬೇಡದ್ದು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಪೂರ್ವದಲ್ಲಿ ಬೆಳಕು ಮೂಡಿರುತ್ತದೆ. ಸ್ಟೀಲ್ ಲೋಟ ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲಿಗೆ ಬೆನ್ನು ಕೊಟ್ಟು ಕುಡಿಯುವ ಆ ಕಾಫಿಗಾಗಿ ನಾನು ಮತ್ತೆ ಮತ್ತೆ ಕಡಲಿಗೆ ಇಳಿಯುತ್ತೇನೆ.

ಪ್ರೆಶರ್ ಕುಕ್ಕರ್ ಬಗ್ಗೆಯೂ ಒಂದು ಮಾತು. ಕಡಲಲ್ಲಿ ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಗ್ಯಾಸ್ ಉಳಿಯುತ್ತದೆ, ಮುಚ್ಚಳ ಬಿಗಿಯಾಗಿರುವುದರಿಂದ ಒಲೆಯಿಂದ ಉರುಳಿದರೂ ಬಿಸಿಬೇಳೆಬಾತ್ ನೆಲದ ಪಾಲಾಗುವುದಿಲ್ಲ. ಪಾತ್ರೆ ತೊಳೆಯಲು ಕಾಲಲ್ಲಿ ಒತ್ತುವ ಪಂಪಿನಿಂದ ಸಮುದ್ರದ ನೀರು ಬರುತ್ತದೆ. ಕೊನೆಗೆ ಒಮ್ಮೆ ಜಾಲಿಸಲು ಮಾತ್ರ ಟ್ಯಾಂಕಿನ ಸಿಹಿನೀರು.

ಇಷ್ಟೆಲ್ಲ ಹೊಗಳಿದ್ದು ಒಣಕಾಲದ ದೋಣಿಯನ್ನು.

ಲಂಕಾವಿಯಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆಗ ದೋಣಿ ಮರೀನಾದಲ್ಲಿ ಕಟ್ಟಿರುತ್ತದೆ, ನಾವು ಒಳಗೇ ಇರುತ್ತೇವೆ. ನಾನು ಮಲಗುವ ಬಂಕಿನ ಮೇಲೆ, ಸರಿಯಾಗಿ ಎದೆಯ ನೇರಕ್ಕೆ, ಡೆಕ್ಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ರೀ, ಎದ್ದೇಳಿ, ಮತ್ತೆ ಶುರುವಾಯ್ತು” ಅಂತ ನಡುರಾತ್ರಿ ನಮ್ಮ ಯಜಮಾನರನ್ನು ಎಬ್ಬಿಸುವುದು, ಅವರು ಟಾರ್ಚ್ ಹಿಡಿದು ಸೀಲಿಂಗ್ ಹಲಗೆ ಬಿಚ್ಚುವುದು, ನಾನು ಹಾಸಿಗೆ ಮಡಚಿ ಬೋಗುಣಿ ಇಡುವುದು, ಮಳೆಗಾಲದಲ್ಲಿ ನಮ್ಮ ರಾತ್ರಿ ಹೀಗೇ ಇತ್ತು. ಬೀಳುತ್ತಿದ್ದ ಹನಿ ಬಿಳಿಯಲ್ಲ, ಚಹಾ ಡಿಕಾಕ್ಷನ್ನಿನ ಬಣ್ಣ. ಅಂದರೆ ನೀರು ಎಲ್ಲೋ ನೆನೆದ ಮರದೊಳಗಿನಿಂದ ಹಾದು ಬರುತ್ತಿದೆ ಅಂತ ಅರ್ಥ.

ಯಾಕೆ ಹೀಗೆ ಅಂದರೆ, ಆ ಕಾಲದಲ್ಲಿ ಡೆಕ್ಕಿನ ಮೇಲೆ ತೇಗದ ಪಟ್ಟಿಗಳನ್ನು ಹಾಸಿ ಸ್ಕ್ರೂ ಹೊಡೆಯುತ್ತಿದ್ದರು. ಒಂದು ಎರಡಲ್ಲ, ಸಾವಿರಗಟ್ಟಲೆ ಸ್ಕ್ರೂ. ಪ್ರತಿ ಸ್ಕ್ರೂವಿನ ತಲೆಯ ಮೇಲೆ ಮರದ ಬಿರಡೆ, ಪಟ್ಟಿಗಳ ಸಂದಿಗೆ ಕಪ್ಪು ರಬ್ಬರಿನಂಥ ಅಂಟು. ವರ್ಷಗಳು ಕಳೆದಂತೆ ತೇಗ ಸವೆಯುತ್ತದೆ, ಬಿರಡೆ ಕಳಚುತ್ತದೆ, ಅಂಟು ಬಿರಿಯುತ್ತದೆ. ಸ್ಕ್ರೂ ಹಿಡಿದು ನೀರು ಕೆಳಗಿನ ಫೈಬರ್‌ಗ್ಲಾಸಿನ ತೂತಿಗೆ ಇಳಿದು, ಎರಡು ಪದರದ ನಡುವೆ ಇರುವ ಮರಕ್ಕೆ ಸೇರುತ್ತದೆ. ಹೆಂಚಿನ ಮನೆಯಲ್ಲಾದರೆ ಹನಿ ಬಿದ್ದ ಕಡೆ ತಲೆ ಎತ್ತಿ ನೋಡಿದರೆ ಒಡೆದ ಹೆಂಚು ಕಾಣುತ್ತದೆ. ಇಲ್ಲಿ ಹಾಗಲ್ಲ. ನೀರು ಒಳಗೊಳಗೇ ಹರಿದು ಮಾರು ದೂರದಲ್ಲಿ ತೊಟ್ಟಿಕ್ಕುತ್ತದೆ. ಮೇಲೆ ಒಂದು ಕಡೆ ಮುಚ್ಚಿದರೆ ಕೆಳಗೆ ಇನ್ನೊಂದು ಕಡೆ ಬಾಯಿ ಬಿಡುತ್ತದೆ.

ಕೊಳ್ಳುವ ಮುಂಚೆ ಸರ್ವೇ ಮಾಡಿಸಿದ್ದೆವು. ಹಳೆಯ ದೋಣಿಗೆ ಸರ್ವೇ ವರದಿ ಇಲ್ಲದೆ ವಿಮೆಯೂ ಸಿಗುವುದು ಕಷ್ಟ. ಬಂದವರು ಸುತ್ತಿಗೆಯಲ್ಲಿ ಅಲ್ಲಲ್ಲಿ ತಟ್ಟಿ, ತೇವ ಅಳೆಯುವ ಮೀಟರ್ ಇಟ್ಟು, ವರದಿಯಲ್ಲಿ ಡೆಕ್ಕಿನ ಬಗ್ಗೆ ಬರೆದದ್ದು “ವಯಸ್ಸಿಗೆ ತಕ್ಕಂತಿದೆ” ಅಂತ ಒಂದೇ ಸಾಲು. ಎಂಜಿನ್ ಬಗ್ಗೆ ಎರಡು ಪುಟ ಇತ್ತು. ಈ ಒಂದು ಸಾಲಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹಣ ಪಡೆದು ವರದಿ ಕೊಡುವವರು ಮನೆ ಮಾಡಿಕೊಂಡು ಇರುವವರಿಗಾಗಿ ಬರೆಯುತ್ತಿದ್ದೇವೆ ಅಂತ ನೆನಪಿಡಬೇಡವೇ? ಎಂಜಿನ್ ಕೆಟ್ಟರೆ ಹಾಯಿ ಇದೆ. ಹಾಸಿಗೆ ಒದ್ದೆಯಾದರೆ ಏನಿದೆ?

ನಮ್ಮ ಯಜಮಾನರಿಗೆ ಮಾತ್ರ ಆ ತೇಗ ಅಂದರೆ ಪ್ರಾಣ. ಒದ್ದೆಯಾದರೂ ಕಾಲು ಜಾರುವುದಿಲ್ಲ, ನೋಡಲು ಎಷ್ಟು ಚೆಂದ ಅಂತ ಅವರ ವಾದ. ಅದೂ ನಿಜವೇ. ಸಂಜೆ ಬಕೆಟ್ಟಿನಲ್ಲಿ ಸಮುದ್ರದ ನೀರು ಎತ್ತಿ, ಮರದ ಎಳೆಗೆ ಅಡ್ಡಲಾಗಿ ಮೆತ್ತಗೆ ಉಜ್ಜುತ್ತಾ ಗಂಟೆಗಟ್ಟಲೆ ಇರುತ್ತಿದ್ದರು. ಎಳೆಯ ಉದ್ದಕ್ಕೆ ಗಟ್ಟಿ ಬ್ರಷ್ ಹಾಕಿ ಉಜ್ಜಿದರೆ ಮೆತ್ತನೆಯ ಭಾಗ ಸವೆದು ಗೆರೆ ಬೀಳುತ್ತದೆ. ಆದರೆ ಮಧ್ಯಾಹ್ನದ ಬಿಸಿಲಿಗೆ ಅದೇ ತೇಗ ಬರಿಗಾಲು ಇಡಲಾಗದಷ್ಟು ಕಾಯುತ್ತದೆ, ಆ ಕಾವು ಕೆಳಗಿನ ಕ್ಯಾಬಿನ್ನಿಗೂ ಇಳಿಯುತ್ತದೆ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, ಬೆಂಗಳೂರಿನ ಗಾಳಿಯಲ್ಲಿ ಮಲಗಿ ಅಭ್ಯಾಸವಾದ ನಮಗೆ ಆ ಸೆಕೆ ತಡೆಯುವುದೇ ಕಷ್ಟ. ಮಳೆ ಬಂತು ಅಂತ ಕಿಟಕಿ ಮುಚ್ಚಿದರಂತೂ ಕೇಳಲೇಬೇಡಿ.

ಕೊನೆಗೆ ಅವರ ಮನಸ್ಸು ತಿರುಗಿದ್ದು ಔಷಧಿ ಡಬ್ಬಿಯಿಂದ. ಬಿಪಿ, ಶುಗರ್ ಮಾತ್ರೆಗಳನ್ನು ತಿಂಗಳುಗಟ್ಟಲೆಗೆ ಆಗುವಷ್ಟು ಬೆಂಗಳೂರಿನಿಂದ ತಂದು ಅವರ ಬಂಕಿನ ಹಿಂದಿನ ಕಪಾಟಿನಲ್ಲಿ ಇಟ್ಟಿದ್ದೆವು. ಎಂದೂ ಸೋರದ ಜಾಗ ಅದು. ಒಂದು ಬೆಳಿಗ್ಗೆ ಡಬ್ಬಿಯ ತಳದಲ್ಲಿ ಅದೇ ಕಂದು ನೀರು ನಿಂತಿತ್ತು. ಅವರು ಏನೂ ಮಾತಾಡದೆ ಮಾತ್ರೆ ಒಂದೊಂದಾಗಿ ಒರೆಸಿ ಪೇಪರಿನ ಮೇಲೆ ಹರಡಿದರು. ಆಮೇಲೆ “ಇದನ್ನು ಕಿತ್ತುಬಿಡೋಣ ಕಣೇ” ಅಂದರು.

ದೋಣಿ ರಿಪೇರಿಯ ಯಾರ್ಡಿನವರು ಹೇಳಿದ ರೇಟು ದೋಣಿ ಕೊಂಡ ಬೆಲೆಯ ಕಾಲು ಭಾಗದಷ್ಟಿತ್ತು. ಕೀಳುವ ಕೆಲಸ ನಾವೇ ಮಾಡಿಕೊಳ್ಳುತ್ತೇವೆ, ಫೈಬರ್‌ಗ್ಲಾಸ್ ಕೆಲಸ ಮಾತ್ರ ನಿಮ್ಮದು ಅಂತ ಚೌಕಾಸಿ ಮಾಡಿದೆವು. ಬಿರಡೆ ತೆಗೆದು, ಸ್ಕ್ರೂ ಬಿಚ್ಚಿ, ಪಟ್ಟಿ ಮೀಟಿ ಎಬ್ಬಿಸಿ, ಪ್ರತಿ ತೂತನ್ನು ಸ್ವಲ್ಪ ದೊಡ್ಡದು ಮಾಡಿ ಒಣಗಿಸಿ ಎಪಾಕ್ಸಿ ತುಂಬಬೇಕು. ಕೊಳೆತ ಮರ ಸಿಕ್ಕ ಕಡೆ ಮೇಲಿನ ಪದರ ಕತ್ತರಿಸಿ ಹೊಸದು ಕೂರಿಸಬೇಕು. ಮೊಣಕಾಲ ಮೇಲೆ ಕೂತು ಮಾಡುವ ಕೆಲಸ, ನಮ್ಮ ವಯಸ್ಸಿಗೆ ಸುಮ್ನೆ ಮಾತಲ್ಲ. ಮುಂದಿನ ಅರ್ಧ ಡೆಕ್ಕು ಮುಗಿದಿದೆ. ಕಾಲು ಜಾರದ ತಿಳಿ ಕೆನೆ ಬಣ್ಣದ ಪೇಂಟ್ ಬಳಿಸಿದ್ದೇವೆ. ಮಧ್ಯಾಹ್ನವೂ ಬರಿಗಾಲಲ್ಲಿ ಓಡಾಡಬಹುದು. ಹೋದ ಮಳೆಗಾಲದಲ್ಲಿ ನನ್ನ ಬಂಕು ಒಣಗಿಯೇ ಇತ್ತು. ಹಿಂದಿನ ಅರ್ಧ ಇನ್ನೂ ಬಾಕಿ.

ಇನ್ನೊಂದು ಕೊರತೆ, ಒಳಗಿಳಿಯುವ ಏಣಿ. ತುಂಬಾ ಕಡಿದು. ಮಂಡಿನೋವು ಇರುವವರು ದೋಣಿ ನೋಡಲು ಹೋದಾಗ ಅದನ್ನು ಒಂದೇ ಸಲ ಅಲ್ಲ, ಕೈಯಲ್ಲಿ ತಟ್ಟೆ ಹಿಡಿದು ನಾಲ್ಕಾರು ಸಲ ಹತ್ತಿ ಇಳಿದು ನೋಡಿ. ನಾವು ಎರಡೂ ಪಕ್ಕ ಹಿಡಿಕೆ ಹಾಕಿಸಿಕೊಂಡು ಸುಧಾರಿಸುತ್ತಿದ್ದೇವೆ.

ಇಂಥದ್ದೇ ಭಾರಿ, ಉದ್ದ ಕೀಲಿನ ಹಳೆಯ ದೋಣಿ ಕೊಳ್ಳಿ ಅಂತಲೇ ನಾನು ಹೇಳುವುದು, ಆದರೆ ತೇಗ ಕಿತ್ತು ಪೇಂಟ್ ಮಾಡಿದ್ದನ್ನು ಹುಡುಕಿ. ಅಂಥದ್ದಕ್ಕೆ ಬೆಲೆ ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ. ತೇಗದ್ದೇ ಸಿಕ್ಕಿದರೆ ಮಳೆ ಬಂದ ಮರುದಿನ ನೋಡಲು ಹೋಗಿ. ಬಂಕಿನ ಹಾಸಿಗೆ ಎತ್ತಿ ಮೂಸಿ ನೋಡಿ. ಸೀಲಿಂಗ್ ಹಲಗೆ ಒಂದೆರಡು ಬಿಚ್ಚಿಸಿ, ಕಂದು ಕಲೆ ಇದೆಯೇ ಅಂತ ಟಾರ್ಚ್ ಬಿಟ್ಟು ನೋಡಿ. ಮಾರುವವರು ಬಿಚ್ಚಲು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ. ಬಿಚ್ಚಲು ಬಿಟ್ಟು ಕಲೆ ಕಂಡರೆ, ಡೆಕ್ ಪೂರ್ತಿ ಕಿತ್ತು ಹೊಸದು ಮಾಡಲು ಎಷ್ಟಾಗುತ್ತದೆ ಅಂತ ಪಕ್ಕದ ಯಾರ್ಡಿನಲ್ಲಿ ಅದೇ ದಿನ ಬರೆಸಿಕೊಂಡು, ಅಷ್ಟನ್ನೂ ಬೆಲೆಯಲ್ಲಿ ಕಳೆದು ಮಾತಾಡಿ.